ಜೆಟ್ಟಿಯಲ್ಲಿ ಜ್ವರ ಅಳೆದರೆ ದ್ವೀಪಕ್ಕೆ ಸೋಂಕು ಬಾರದೇ?

ಪ್ರಶ್ನೆ: ನಮ್ಮದು ಪ್ರವಾಸಿಗರನ್ನೇ ನಂಬಿದ ಸಣ್ಣ ದ್ವೀಪ. ಜೆಟ್ಟಿಯಲ್ಲೇ ಎಲ್ಲರ ಜ್ವರ ಅಳೆದು ಒಳಬಿಟ್ಟರೆ ಫ್ಲೂ, ಕೋವಿಡ್‌ನಂಥ ಕಾಯಿಲೆಗಳನ್ನು ತಡೆಯಬಹುದೇ? ದೋಣಿ ನಿಲ್ಲಿಸದೆ ಬೇರೆ ದಾರಿ ಇದೆಯೇ?

ಉತ್ತರ: ತಡೆಯಲಾಗದು. ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಿಸಲು ಫ್ಲೂಗೆ 1ರಿಂದ 4 ದಿನ, ಕೋವಿಡ್‌ಗೆ 2ರಿಂದ 14 ದಿನ ಹಿಡಿಯುತ್ತದೆ. ದೋಣಿ ಪ್ರಯಾಣವೋ ಕೆಲವೇ ಗಂಟೆಗಳದ್ದು. ಹಾಗಾಗಿ ಸೋಂಕು ಹೊತ್ತವರು ಜೆಟ್ಟಿ ದಾಟುವಾಗ ಗಟ್ಟಿಮುಟ್ಟಾಗಿಯೇ ಇರಬಹುದು. ಜ್ವರ ಇದ್ದವರೂ ಪ್ಯಾರಾಸಿಟಮಾಲ್ ನುಂಗಿ ಬಂದರೆ ಯಂತ್ರದ ಕಣ್ಣಿಗೆ ಬೀಳುವುದಿಲ್ಲ. ಹಣೆಗೆ ಹಿಡಿಯುವ ಆ ಗನ್ ಅಳೆಯುವುದು ಚರ್ಮದ ಬಿಸಿಯನ್ನು. ಬಿಸಿಲಲ್ಲಿ ಸಾಲು ನಿಂತವರ ಹಣೆ ಸುಡುತ್ತಿರುತ್ತದೆ, ಕಡಲ ಗಾಳಿಗೆ ಮುಖವೊಡ್ಡಿ ಬಂದವರದು ತಣ್ಣಗಿರುತ್ತದೆ.

ದ್ವೀಪವನ್ನೇ ಮುಚ್ಚಿಬಿಟ್ಟರೆ? ಕೆಲಸ ಮಾಡುತ್ತದೆ, ಪೂರ್ತಿ ಮುಚ್ಚಿದರೆ. 1918ರ ನವೆಂಬರ್‌ನಲ್ಲಿ ಟಲೂನ್ ಎಂಬ ಹಡಗು ಪೆಸಿಫಿಕ್ ಸಾಗರದ ಪಶ್ಚಿಮ ಸಮೋವಾದ ಅಪಿಯಾ ಬಂದರಿಗೆ ಫ್ಲೂ ತಂದಿತು. ಅಲ್ಲಿನ ಜನರಲ್ಲಿ ಐದನೇ ಒಂದು ಭಾಗದಷ್ಟು ಮಂದಿ ತೀರಿಹೋದರು. ಪಕ್ಕದ ಅಮೆರಿಕನ್ ಸಮೋವಾದಲ್ಲಿ ಗವರ್ನರ್ ಜಾನ್ ಪೋಯರ್ ಕಟ್ಟುನಿಟ್ಟಿನ ಕ್ವಾರಂಟೈನ್ ಹೇರಿದ್ದರಿಂದ ಒಂದೂ ಸಾವು ಆಗಲಿಲ್ಲ. ಆದರೆ ಪ್ರವಾಸಿಗರಿಂದಲೇ ಒಲೆ ಉರಿಯುವ ದ್ವೀಪ ಇದನ್ನು ಎಷ್ಟು ವಾರ ತಾಳೀತು? ಆದ್ದರಿಂದ ಸೋಂಕು ಬಂದೇ ಬರುತ್ತದೆ ಎಂದುಕೊಂಡು, ಒಂದು ಪ್ರಕರಣ ಐವತ್ತಾಗದಂತೆ ಸಜ್ಜಾಗುವುದೇ ನಡೆಯುವ ದಾರಿ.

ಇಲ್ಲಿ ಎಲ್ಲರೂ ಅತಿಥಿಗಳ ಕೋಣೆಗಳನ್ನೇ ನೋಡುತ್ತಾರೆ. ಅಲ್ಲಿ ಮಲಗುವವರು ಇಬ್ಬರೇ. ಸೋಂಕು ಹಬ್ಬುವುದು ಎಂಟು ಜನ ಒತ್ತೊತ್ತಾಗಿ ಮಲಗುವ ನೌಕರರ ವಸತಿಯಲ್ಲಿ. ಅಡುಗೆಯವರು, ಕೋಣೆ ಶುಚಿ ಮಾಡುವವರು, ದೋಣಿಯಾಳುಗಳು ಅಲ್ಲಿಂದ ಅದನ್ನು ಹಳ್ಳಿಯ ಮನೆಮನೆಗೂ ಒಯ್ಯುತ್ತಾರೆ. ಕೆಮ್ಮಿದರೆ ದಿನಗೂಲಿ ಹೋಗುತ್ತದೆ ಎಂದಾದರೆ ಯಾರೂ ಕೆಮ್ಮನ್ನು ಹೇಳಿಕೊಳ್ಳುವುದಿಲ್ಲ. ಸಂಬಳ ಸಹಿತ ಐದು ದಿನದ ರಜೆ, ಅದಕ್ಕಾಗಿ ಎಲ್ಲ ಮಾಲೀಕರೂ ಸೇರಿ ಕಟ್ಟಿದ ಒಂದು ನಿಧಿ, ಬೇರೆಯಾಗಿ ಇರಲು ಎರಡು ಖಾಲಿ ಕೋಣೆ: ಜೆಟ್ಟಿಯ ಯಾವ ಯಂತ್ರಕ್ಕಿಂತಲೂ ಇವು ಹೆಚ್ಚು ಕೆಲಸಕ್ಕೆ ಬರುತ್ತವೆ. ರಜೆ ಮೇಲಿದ್ದವರು ನೌಕರರ ಅದೇ ವಸತಿಯಲ್ಲಿ ಮಲಗಿದರೆ ಮಾತ್ರ ಕೊಟ್ಟ ರಜೆ ವ್ಯರ್ಥ.

ಇನ್ನು ಗಾಳಿ. ಸಾಮಾನ್ಯ ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುವುದೇ ಇಲ್ಲ, ಒಳಗಿನದನ್ನೇ ತಣ್ಣಗಾಗಿಸಿ ತಿರುಗಿಸುತ್ತದೆ. ಇದು ಗೊತ್ತಿಲ್ಲದೆ ಕಿಟಕಿ ಮುಚ್ಚಿ ಎಸಿ ಹಾಕಿದ ಊಟದ ಹಾಲ್ ಮತ್ತು ಮಳೆಗೆಂದು ಟಾರ್ಪಾಲು ಇಳಿಬಿಟ್ಟ ದೋಣಿ, ಇವೆರಡೇ ಅತಿ ಕೆಟ್ಟ ತಾಣಗಳು. ಗಂಟೆಗೆ ಐದು ಸಲ ಕೋಣೆಯ ಗಾಳಿ ಬದಲಾಗಬೇಕು. 5 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆಯಲ್ಲಿ 60 ಘನ ಮೀಟರ್ ಗಾಳಿ ಇರುತ್ತದೆ, ಅಂದರೆ ಗಂಟೆಗೆ 300 ಘನ ಮೀಟರ್ ಹೊರತಳ್ಳುವ ಎಕ್ಸಾಸ್ಟ್ ಫ್ಯಾನ್ ಬೇಕು. ಎದುರು ಗೋಡೆಯಲ್ಲಿ ಗಾಳಿ ಒಳಬರಲು ಕಿಂಡಿ ಇಲ್ಲದಿದ್ದರೆ, ಜಾಲರಿಗೆ ಉಪ್ಪು, ಜಿಡ್ಡು ಕಟ್ಟಿದ್ದರೆ ಆ ಲೆಕ್ಕ ಕಾಗದದ ಮೇಲೆಯೇ ಉಳಿಯುತ್ತದೆ. ಗಾಳಿ ಬದಲಾಗುತ್ತಿದೆಯೇ ಎಂದು ತಿಳಿಯಲು ನಮ್ಮ ಉಸಿರಿನಿಂದ ಹೊರಬರುವ ಇಂಗಾಲದ ಡೈಆಕ್ಸೈಡ್ ಅಳೆಯಬಹುದು. ಹೊರಗಿನ ಗಾಳಿಯಲ್ಲಿ ಅದು ಸುಮಾರು 420 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 420 ಭಾಗ). ಜನ ತುಂಬಿ ಅರ್ಧ ಗಂಟೆಯಾದ ಮೇಲೆ, ಕುಳಿತವರ ತಲೆಯ ಎತ್ತರದಲ್ಲಿ, ಯಾರ ಬಾಯಿಗೂ ಹತ್ತಿರವಿಲ್ಲದಂತೆ ಮೀಟರ್ ಇಟ್ಟು ನೋಡಿ. 800ರ ಒಳಗಿದ್ದರೆ ಚೆನ್ನ, 1500 ದಾಟಿದರೆ ಕಿಟಕಿ ತೆರೆಯಿರಿ ಇಲ್ಲವೇ ಜನರನ್ನು ಕಡಿಮೆ ಮಾಡಿ. ಕೆಮ್ಮುತ್ತಿದ್ದ ಅತಿಥಿ ಖಾಲಿ ಮಾಡಿದ ಕೋಣೆಗೆ ಶುಚಿ ಮಾಡುವವರು ತಕ್ಷಣ ನುಗ್ಗಬಾರದು. ಗಂಟೆಗೆ ಐದು ಸಲ ಗಾಳಿ ಬದಲಾದರೂ ಶೇ 99ರಷ್ಟು ಕಣಗಳು ಹೊರಹೋಗಲು ಸುಮಾರು 55 ನಿಮಿಷ ಬೇಕು.

ಸುಳಿವು ಸಿಗುವುದು ದಿನದ ಎಣಿಕೆಯಲ್ಲಿ. 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು ಜ್ವರ, ಜೊತೆಗೆ ಕೆಮ್ಮು ಇರುವವರು ಎಷ್ಟು ಜನ ಎಂದು ಪ್ರತಿ ವಸತಿಗೃಹ, ಶಾಲೆ, ದೋಣಿ ಮಾಲೀಕರು ದಿನಾ ತಿಳಿಸಬೇಕು. ಯಾರೂ ಇಲ್ಲದಿದ್ದರೆ ಸೊನ್ನೆ ಎಂದೇ ಹೇಳಬೇಕು, ಇಲ್ಲವಾದರೆ ಮೌನಕ್ಕೂ ಸೊನ್ನೆಗೂ ವ್ಯತ್ಯಾಸ ತಿಳಿಯದು. ಒಂದೇ ಕಡೆ 72 ಗಂಟೆಯೊಳಗೆ ಇಬ್ಬರು ಕಂಡರೆ ಅವರ ಮೂಗು, ಗಂಟಲಿನ ಮಾದರಿ (ಸ್ವಾಬ್) ತೆಗೆಯಿರಿ. ಸ್ವಾಬ್ 2ರಿಂದ 8 ಡಿಗ್ರಿಯಲ್ಲಿ, 72 ಗಂಟೆಯೊಳಗೆ ಲ್ಯಾಬ್ ಸೇರಬೇಕು. ವಾರಕ್ಕೆರಡೇ ದೋಣಿ ಇರುವಲ್ಲಿ ಮೊದಲು ದೋಣಿಯ ವೇಳಾಪಟ್ಟಿ ನೋಡಿಯೇ ಸ್ವಾಬ್ ತೆಗೆಯುವುದು ಜಾಣತನ.

ಲಸಿಕೆ ಸೀಸನ್‌ಗೆ ಮುಂಚೆಯೇ ಆಗಬೇಕು, ಏಕೆಂದರೆ ಫ್ಲೂ ಲಸಿಕೆಯ ರಕ್ಷಣೆ ಬರಲು ಎರಡು ವಾರ ಬೇಕು. ದಡಾರದ ವಿಷಯದಲ್ಲಿ ದ್ವೀಪಗಳಿಗೆ ಇನ್ನೊಂದು ಅಪಾಯವಿದೆ: ಕಾಯಿಲೆ ದಶಕಗಟ್ಟಲೆ ಬಾರದೆ ಇದ್ದರೆ, ರೋಗನಿರೋಧಕ ಶಕ್ತಿ ಇಲ್ಲದವರ ಸಂಖ್ಯೆ ಸದ್ದಿಲ್ಲದೆ ಬೆಳೆಯುತ್ತದೆ. 1846ರಲ್ಲಿ ಉತ್ತರ ಅಟ್ಲಾಂಟಿಕ್‌ನ ಫಾರೋ ದ್ವೀಪಗಳಲ್ಲಿ ಸುಮಾರು 7,800 ಜನರ ಪೈಕಿ ಸುಮಾರು 6,000 ಮಂದಿಗೆ ದಡಾರ ಬಂತು. 1781ರಲ್ಲಿ ಬಂದು ಹೋಗಿದ್ದ ಮುದುಕರಲ್ಲಿ ಒಬ್ಬರಿಗೂ ಮತ್ತೆ ಬರಲಿಲ್ಲ ಎಂದು ವೈದ್ಯ ಪೀಟರ್ ಪಾನುಮ್ ದಾಖಲಿಸಿದರು. ಊರಿನ ಮಕ್ಕಳಿಗೆ ಹಾಕಿಸಿದರೆ ಮುಗಿಯಿತು ಎನ್ನುವಂತಿಲ್ಲ, ಸೀಸನ್‌ಗೆ ಹೊರಗಿನಿಂದ ಬರುವ ಕೆಲಸಗಾರರಿಗೂ ದಡಾರ ಲಸಿಕೆಯ ಎರಡು ಡೋಸ್ ಆಗಿರಬೇಕು.

ಸೀಸನ್ ಮುಗಿದು ಬೀಗ ಹಾಕಿದ ಕೋಣೆಗಳ ಪೈಪುಗಳಲ್ಲಿ ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಇದು ಸಾಮಾನ್ಯವಾಗಿ ಒಬ್ಬರಿಂದ ಒಬ್ಬರಿಗೆ ಹರಡದು, ಶವರ್‌ನ ಹನಿಗಳ ಮೂಲಕ ಶ್ವಾಸಕೋಶ ಸೇರುತ್ತದೆ. ವಾರಕ್ಕೊಮ್ಮೆ ಎಲ್ಲ ನಲ್ಲಿ ತೆರೆದು ನೀರು ಹರಿಸಿ, ಬಿಸಿನೀರಿನ ಟ್ಯಾಂಕನ್ನು 60 ಡಿಗ್ರಿಯಲ್ಲಿಡಿ. ಮೋಡದ ದಿನಗಳಲ್ಲಿ ಸೋಲಾರ್ ಹೀಟರ್‌ನ ಉಗುರುಬೆಚ್ಚಗಿನ ನೀರು ಈ ಬ್ಯಾಕ್ಟೀರಿಯಾ ಬೆಳೆಯಲು ಹೇಳಿಮಾಡಿಸಿದ್ದು.

ಕೊನೆಗೆ ಆಮ್ಲಜನಕದ ಗಣಿತ. 7,000 ಲೀಟರಿನ ದೊಡ್ಡ ಸಿಲಿಂಡರ್ ನಿಮಿಷಕ್ಕೆ 5 ಲೀಟರಿನಂತೆ ಒಬ್ಬರಿಗೆ ಸುಮಾರು 23 ಗಂಟೆ ಬರುತ್ತದೆ, 10 ಲೀಟರಾದರೆ 12 ಗಂಟೆಯೂ ಇಲ್ಲ. ಇಬ್ಬರು ರೋಗಿಗಳು, ಎರಡು ದಿನ ಬಿರುಗಾಳಿ ಎಂದು ಲೆಕ್ಕ ಹಾಕಿದರೆ 10 ಲೀಟರಿಗೆ ಎಂಟಕ್ಕಿಂತ ಹೆಚ್ಚು ಸಿಲಿಂಡರ್ ಬೇಕು. ಗಾಳಿಯಿಂದಲೇ ಆಮ್ಲಜನಕ ಬೇರ್ಪಡಿಸುವ ವಿದ್ಯುತ್ ಯಂತ್ರ, ಕಾನ್ಸಂಟ್ರೇಟರ್ ಇದ್ದರೂ ಜನರೇಟರ್ ನಿಂತರೆ ಅದೂ ನಿಲ್ಲುತ್ತದೆ, ಹಾಗಾಗಿ ಎರಡೂ ಇರಲಿ. ರೋಗಿಯ ರಕ್ತದಲ್ಲಿ ಆಮ್ಲಜನಕದ ಮಟ್ಟ ಶೇ 94ಕ್ಕಿಂತ ಕೆಳಗಿಳಿಯತೊಡಗಿದಾಗಲೇ ದೋಣಿಯವರಿಗೆ ಕರೆ ಹೋಗಬೇಕು. 90ಕ್ಕೆ ಬರುವವರೆಗೆ ಕಾದರೆ ಅಷ್ಟರಲ್ಲಿ ಕತ್ತಲಾಗಿ, ಕಡಲು ಎದ್ದಿರಬಹುದು.