ಹಳೇ ಗೇಮಿಂಗ್ ಪಿಸಿಗೆ 32 ಜಿಬಿ ರ‍್ಯಾಮ್ ಹಾಕಿಸಿದರೆ ಸರಿಹೋಗುತ್ತಾ?

ಪ್ರಶ್ನೆ: 2017ರಲ್ಲಿ ಮಾಡಿಸಿದ ಪಿಸಿ. ಐ5-7400 ಪ್ರೊಸೆಸರ್, 8 ಜಿಬಿ ರ‍್ಯಾಮ್, ಜಿಟಿಎಕ್ಸ್ 1060 ಕಾರ್ಡ್, 1 ಟಿಬಿ ಹಾರ್ಡ್ ಡಿಸ್ಕ್. ಹೊಸ ಗೇಮ್‌ಗಳು ತುಂಬಾ ಲ್ಯಾಗ್ ಆಗುತ್ತವೆ. ರ‍್ಯಾಮ್ 32 ಜಿಬಿ ಮಾಡಿಸಿ, ಎಲ್ಲ ಸರಿಹೋಗುತ್ತೆ ಅಂತ ಅಂಗಡಿಯವರು ಹೇಳಿದರು. ಮಾಡಿಸಲಾ?

ಉತ್ತರ: 16 ಜಿಬಿ ಮಾಡಿಸಿ. 32 ಬೇಡ.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಪ್ರೊಸೆಸರ್ ಹೆಸರು ಬೇರೆ ಇರುತ್ತದೆ, ಕಾರ್ಡ್ ಬೇರೆ ಇರುತ್ತದೆ, ಕೊನೆಯ ಸಾಲು ಮಾತ್ರ ಅದೇ. ಹಾಗಾಗಿ ಈ ಸಲ ಪೂರ್ತಿ ಬಿಡಿಸಿ ಬರೆಯುತ್ತೇನೆ. ದಯವಿಟ್ಟು ಕೊನೆತನಕ ಓದಿ, ನಿಮ್ಮ ಸ್ನೇಹಿತರಿಗೂ ಓದಿಸಿ.

‘ರ‍್ಯಾಮ್ ಜಾಸ್ತಿ ಆದಷ್ಟೂ ಗೇಮ್ ಜೋರಾಗಿ ಓಡುತ್ತೆ’ ಅನ್ನೋ ನಂಬಿಕೆ ಸುಮ್ನೆ ಹುಟ್ಟಿದ್ದಲ್ಲ. 4 ಜಿಬಿ ಇದ್ದವರು 8ಕ್ಕೆ ಹೋದಾಗ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಸಿಕ್ಕಿತ್ತು. ಈಗ 8ರಿಂದ 16ಕ್ಕೆ ಹೋದರೂ ಸಿಗುತ್ತದೆ. ಕಾರಣ ಇಷ್ಟೇ. ವಿಂಡೋಸ್, ಬ್ರೌಸರ್, ಡಿಸ್ಕಾರ್ಡ್ ಎಲ್ಲ ತಮ್ಮ ಪಾಲು ತೆಗೆದುಕೊಂಡ ಮೇಲೆ 8 ಜಿಬಿಯಲ್ಲಿ ಗೇಮ್‌ಗೆ ಉಳಿಯೋದು ಕಡಿಮೆ. ಜಾಗ ಸಾಲದಿದ್ದಾಗ ವಿಂಡೋಸ್ ಒಂದಿಷ್ಟು ಡೇಟಾವನ್ನು ಡಿಸ್ಕ್‌ಗೆ ತಳ್ಳುತ್ತದೆ, ಬೇಕಾದಾಗ ಮತ್ತೆ ಓದುತ್ತದೆ. ಅದೂ ಹಾರ್ಡ್ ಡಿಸ್ಕ್ ಆದರೆ ಗೇಮ್ ನಿಂತು ನಿಂತು ಓಡುತ್ತದೆ. ರ‍್ಯಾಮ್ ಸಾಕಷ್ಟಾದ ಕೂಡಲೇ ಆ ತೊಂದರೆ ಹೋಗುತ್ತದೆ. ಅಲ್ಲಿಂದ ಮುಂದೆ ಹಾಕಿದ ರ‍್ಯಾಮ್ ಖಾಲಿ ಕೂತಿರುತ್ತದೆ. ಮನೆ ಮೇಲಿನ ಟ್ಯಾಂಕ್ ದೊಡ್ಡದು ಮಾಡಿಸಿದ ಮಾತ್ರಕ್ಕೆ ನಲ್ಲಿಯಲ್ಲಿ ನೀರು ಜೋರಾಗಿ ಬರೋದಿಲ್ಲ, ಅಲ್ವಾ?

ಈ ನಂಬಿಕೆಗೆ ಇನ್ನೊಂದು ಬಾಲ ಇದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ಮೇಲೆ ಒತ್ತಿದರೆ ‘ಶೇರ್ಡ್ ಜಿಪಿಯು ಮೆಮೊರಿ’ ಅಂತ ಕಾಣಿಸುತ್ತದೆ. ಸಾಮಾನ್ಯವಾಗಿ ಅದು ನಿಮ್ಮ ರ‍್ಯಾಮ್‌ನ ಅರ್ಧದಷ್ಟಿರುತ್ತದೆ. ಅದನ್ನು ನೋಡಿ, ರ‍್ಯಾಮ್ ಹಾಕಿದರೆ ಕಾರ್ಡ್‌ನ ಮೆಮೊರಿಯೂ ಬೆಳೆಯುತ್ತೆ ಅಂತ ಅಂದುಕೊಳ್ಳುತ್ತಾರೆ. ಇಲ್ಲಿ ಅಂಕಿಗಳನ್ನೇ ನೋಡಿ. ಜಿಟಿಎಕ್ಸ್ 1060 ತನ್ನ ಸ್ವಂತ ಮೆಮೊರಿಯಿಂದ ಸೆಕೆಂಡಿಗೆ 192 ಜಿಬಿ ಓದಬಲ್ಲದು. ಕಾರ್ಡ್‌ನಿಂದ ರ‍್ಯಾಮ್‌ಗೆ ಇರುವ ದಾರಿ ಪಿಸಿಐಇ 3.0. ಅದರಲ್ಲಿ 16 ಲೇನ್ ಪೂರ್ತಿ ಬಳಸಿದರೂ ಸೆಕೆಂಡಿಗೆ ಸುಮಾರು 16 ಜಿಬಿ ಅಷ್ಟೇ. ಹನ್ನೆರಡು ಪಟ್ಟು ನಿಧಾನ! ಕಾರ್ಡ್‌ನ ಮೆಮೊರಿ ತುಂಬಿ ಟೆಕ್ಸ್ಚರ್‌ಗಳು (ಗೇಮ್‌ನ ವಸ್ತುಗಳ ಮೇಲ್ಮೈ ಚಿತ್ರಗಳು) ಈ ಕಡೆ ಚೆಲ್ಲಿದವು ಅಂದರೆ, ರ‍್ಯಾಮ್ 16 ಇರಲಿ 64 ಇರಲಿ, ಗೇಮ್ ತಡವರಿಸುತ್ತದೆ. ಅದಕ್ಕೆ ಮದ್ದು ಟೆಕ್ಸ್ಚರ್ ಸೆಟ್ಟಿಂಗ್ ಒಂದು ಮೆಟ್ಟಿಲು ಇಳಿಸೋದು. ದುಡ್ಡೇ ಬೇಡ.

ಅಂಗಡಿಯಲ್ಲಿ ಯಾರೂ ಹೇಳದ ಮಾತೊಂದಿದೆ. ರ‍್ಯಾಮ್ ಎಷ್ಟಿದೆ ಅನ್ನೋದರ ಜೊತೆಗೆ ಎಷ್ಟು ಸ್ಟಿಕ್‌ನಲ್ಲಿದೆ ಅನ್ನೋದೂ ಮುಖ್ಯ. ಡಿಡಿಆರ್4-2400 ಮಾದರಿಯ ಒಂದೇ ಸ್ಟಿಕ್ ಇದ್ದರೆ ಸೆಕೆಂಡಿಗೆ 19.2 ಜಿಬಿ. ಎರಡು ಸ್ಟಿಕ್ ಹಾಕಿ ಡ್ಯುಯಲ್ ಚಾನೆಲ್ (ಎರಡು ದಾರಿಯಲ್ಲಿ ಒಟ್ಟಿಗೆ ಓದೋದು) ಆದರೆ 38.4 ಜಿಬಿ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ‘ಸ್ಲಾಟ್ಸ್ ಯೂಸ್ಡ್’ ಅಂತ ಇರುತ್ತದೆ, ನೋಡಿ. ನಿಮ್ಮದು 8 ಜಿಬಿಯ ಒಂದೇ ಸ್ಟಿಕ್ ಆಗಿದ್ದರೆ ಅದೇ ವೇಗದ ಇನ್ನೊಂದು 8 ಜಿಬಿ ತಂದು ಹಾಕಿ. ಸಾಕು. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿರುವ ರೀತಿ ನೋಡಿದರೆ, ಬೇಡದ 16 ಜಿಬಿಗೆ ಸುರಿಯುವ ದುಡ್ಡು ಸಣ್ಣದೇನಲ್ಲ. ಗ್ರಾಫಿಕ್ಸ್ ಕಾರ್ಡೇ ಇಲ್ಲದೆ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ನಲ್ಲಿ ಆಡುವವರಿಗಂತೂ ಈ ಎರಡನೇ ಸ್ಟಿಕ್ ಇನ್ನೂ ದೊಡ್ಡ ಲಾಭ. ಯಾಕೆಂದರೆ ಅವರ ಗ್ರಾಫಿಕ್ಸ್ ಓದೋದು ಇದೇ ರ‍್ಯಾಮ್‌ನಿಂದ.

ಸರಿ, ಹಾಗಾದರೆ ಯಾವುದನ್ನು ಬದಲಾಯಿಸಬೇಕು? ಊಹೆ ಬೇಡ, ಅಳೆಯಿರಿ. ಆಟದ ನಡುವೆ ಕಾರ್ಡ್, ಪ್ರೊಸೆಸರ್ ಎಷ್ಟು ದುಡಿಯುತ್ತಿವೆ ಅಂತ ತೋರಿಸುವ ಎಂಎಸ್‌ಐ ಆಫ್ಟರ್‌ಬರ್ನರ್ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಅದನ್ನು ಹಾಕಿಕೊಂಡು, ಲ್ಯಾಗ್ ಆಗುವ ಗೇಮನ್ನೇ ಆಡಿ. ಗ್ರಾಫಿಕ್ಸ್ ಕಾರ್ಡ್ ಬಳಕೆ ಸತತವಾಗಿ 95ರಿಂದ 99 ಪರ್ಸೆಂಟ್ ಇದ್ದರೆ ಕಾರ್ಡೇ ಸುಸ್ತಾಗಿದೆ. ಕಾರ್ಡ್ 60ರ ಆಸುಪಾಸಿನಲ್ಲಿದ್ದು ಪ್ರೊಸೆಸರ್‌ನ ಕೋರ್‌ಗಳು 100 ಮುಟ್ಟಿದ್ದರೆ ಪ್ರೊಸೆಸರ್ ತಡೆಯುತ್ತಿದೆ. ಅನುಮಾನ ಇದ್ದರೆ ರೆಸಲ್ಯೂಶನ್ 1080ರಿಂದ 720ಕ್ಕೆ ಇಳಿಸಿ. ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಏರಲಿಲ್ಲವೇ? ಹಾಗಿದ್ದರೆ ಹೊಸ ಕಾರ್ಡ್ ತಂದರೂ ಏರೋದಿಲ್ಲ. ಜೊತೆಗೆ ಟೆಂಪರೇಚರ್ ನೋಡಿ. ವರ್ಷಗಟ್ಟಲೆ ಧೂಳು ಕೂತ ಕೂಲರ್, ಒಣಗಿದ ಥರ್ಮಲ್ ಪೇಸ್ಟ್, ಮೇಲೆ ಏಪ್ರಿಲ್ ಬಿಸಿಲು: ಇಷ್ಟೇ ಸಾಕು, ಪ್ರೊಸೆಸರ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ.

ನಿಮ್ಮ ಪಿಸಿಯಲ್ಲಿ ಪ್ರೊಸೆಸರೇ ಸಿಕ್ಕಿಬೀಳುವ ಸಂಭವ ಜಾಸ್ತಿ. ಐ5-7400ರಲ್ಲಿ ನಾಲ್ಕು ಕೋರ್, ನಾಲ್ಕೇ ಥ್ರೆಡ್ (ಒಂದೇ ಹೊತ್ತಿಗೆ ನಡೆಸಬಲ್ಲ ಕೆಲಸಗಳು). ಮೊದಲು ಒಂದು ಎಸ್‌ಎಸ್‌ಡಿ ಹಾಕಿ. ಅದರಿಂದ ಸರಾಸರಿ ಎಫ್‌ಪಿಎಸ್ ಏರೋದಿಲ್ಲ, ಆದರೆ ಲೋಡಿಂಗ್ ಮತ್ತು ನಡುನಡುವೆ ನಿಲ್ಲುವ ಕಾಟ ಕಡಿಮೆಯಾಗುತ್ತದೆ. ಸ್ಟಾರ್‌ಫೀಲ್ಡ್‌ನಂಥ ಗೇಮ್‌ಗಳು ಎಸ್‌ಎಸ್‌ಡಿ ಇರಲೇಬೇಕು ಅನ್ನುತ್ತವೆ. ಆಮೇಲೆ ಎರಡನೇ ರ‍್ಯಾಮ್ ಸ್ಟಿಕ್. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಸುತ್ತಾಡಿದರೆ ಸೆಕೆಂಡ್ ಹ್ಯಾಂಡ್ ಐ7-7700 ಸಿಗಬಹುದು, ನಿಮ್ಮ ಮದರ್‌ಬೋರ್ಡ್‌ಗೆ ಹೊಂದುತ್ತದೆ. ತೀರಾ ಅಗ್ಗಕ್ಕೆ ಸಿಕ್ಕರೆ ಮಾತ್ರ ತೆಗೆದುಕೊಳ್ಳಿ. 8ನೇ ತಲೆಮಾರಿನ ಪ್ರೊಸೆಸರ್ ತರಬೇಡಿ. ಸಾಕೆಟ್ ಒಂದೇ ಥರ ಕಂಡರೂ ನಿಮ್ಮ ಬೋರ್ಡ್ ಅದನ್ನು ಒಪ್ಪುವುದಿಲ್ಲ. ಇನ್ನೊಂದು ವಿಷಯ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ನಿಮ್ಮ ಪ್ರೊಸೆಸರ್ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಆ ಬೋರ್ಡ್ ಮೇಲೆ ದೊಡ್ಡ ದುಡ್ಡು ಹಾಕಬೇಡಿ.

ಅದೇ 2017ರಲ್ಲಿ ಎಎಂಡಿ ಕಂಪನಿಯ ರೈಜನ್ ಪ್ರೊಸೆಸರ್ ತೆಗೆದುಕೊಂಡವರ ಕಥೆ ಬೇರೆ. ಅವರ ಎಎಂ4 ಸಾಕೆಟ್‌ನ ಬೋರ್ಡ್‌ಗಳಲ್ಲಿ ಬಹಳಷ್ಟಕ್ಕೆ ಬಯೋಸ್ (ಬೋರ್ಡ್ ಒಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ ರೈಜನ್ 5 5600 ಕೂರಿಸಬಹುದು. ನಿಮಗಿರುವ ಒಳ್ಳೆಯ ದಾರಿ ಅಂದರೆ ಐ5-12400ಎಫ್ ಜೊತೆ ಡಿಡಿಆರ್4 ಮಾದರಿಯ ಬೋರ್ಡ್. ಆರು ಕೋರ್, ಹನ್ನೆರಡು ಥ್ರೆಡ್ ಸಿಗುತ್ತದೆ, ಈಗ ಕೊಳ್ಳುವ ರ‍್ಯಾಮ್ ಅಲ್ಲಿಗೂ ಬರುತ್ತದೆ. ಕಾರ್ಡ್ ಅದರ ನಂತರ. 1060ಕ್ಕೆ ಹೊಸ ಗೇಮ್‌ಗಳ ಡ್ರೈವರ್ ಕೊಡುವುದನ್ನು ಎನ್ವಿಡಿಯಾ 2025ರಲ್ಲಿ ನಿಲ್ಲಿಸಿದೆ, ಆದರೆ ಇವತ್ತೇ ಎಸೆಯುವಂಥ ಕಾರ್ಡ್ ಅಲ್ಲ ಅದು.

ಹೊಸ ಕಾರ್ಡ್ ಹಾಕುವ ದಿನ ಎಸ್‌ಎಂಪಿಎಸ್ (ಪಿಸಿಯ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ) ನೋಡಿ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದದ್ದಾದರೆ ಬದಲಾಯಿಸಿ. ಎಸ್‌ಎಂಪಿಎಸ್ ಮಾತು ಬಂದಿದ್ದಕ್ಕೆ, ನೀವು ಕೇಳದಿದ್ದರೂ ಯುಪಿಎಸ್ ಬಗ್ಗೆ ಹೇಳಲೇಬೇಕು. ಮನೆಗಳಲ್ಲಿ ಇರೋದು ಹೆಚ್ಚಾಗಿ 600 ವಿಎ ಯುಪಿಎಸ್. ಅದು ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ಕೊಡುತ್ತದೆ. ಹೊಸ ಪ್ರೊಸೆಸರ್, ಹೊಸ ಕಾರ್ಡ್, ಮಾನಿಟರ್ ಸೇರಿದರೆ ಗೇಮ್ ನಡುವೆ 300ರ ಹತ್ತಿರ ಹೋಗಬಹುದು. ಬ್ಯಾಟರಿ ಹಳೆಯದಾಗಿದ್ದರೆ ಕರೆಂಟ್ ಹೋದ ಕೂಡಲೇ ಎಲ್ಲವೂ ಆಫ್. ಜನ ಕಾರ್ಡ್ ಕೆಟ್ಟಿದೆ ಅಂತ ವಾಪಸ್ ಕೊಡಲು ಓಡುತ್ತಾರೆ!

ಕರೆಂಟ್ ವಿಷಯದಲ್ಲೇ ಇನ್ನೊಂದು ಮಾತು. ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ ಅನ್ನುತ್ತಾ? ಅದಕ್ಕೆ ಹೆಚ್ಚಿನ ಸಲ ಕಾರಣ ಮನೆಯ ಅರ್ಥಿಂಗ್. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್‌ನಿಂದ ಸೋರುವ ಸಣ್ಣ ಕರೆಂಟ್ ಅರ್ಥ್ ತಂತಿಯಲ್ಲಿ ಇಳಿದುಹೋಗಬೇಕು. ಅರ್ಥ್ ಇಲ್ಲದಿದ್ದರೆ ಅದು ಕ್ಯಾಬಿನೆಟ್ ಮೇಲೆಯೇ ನಿಲ್ಲುತ್ತದೆ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರ್‌ಗೆ ಸಿಕ್ಕಿಸಿದ್ದರೆ ಮೊದಲು ಅದನ್ನು ತೆಗೆಯಿರಿ. ಆಮೇಲೂ ಜುಮ್ ಅಂದರೆ ಎಲೆಕ್ಟ್ರಿಷಿಯನ್ ಕರೆದು ಸಾಕೆಟ್‌ನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎಷ್ಟು ವೋಲ್ಟ್ ಇದೆ ನೋಡಿಸಿ. ಒಂದೆರಡು ವೋಲ್ಟ್ ಇದ್ದರೆ ಸರಿ, ಹತ್ತಾರು ತೋರಿಸಿದರೆ ಹೊಸ ಕಾರ್ಡ್ ಕೊಳ್ಳುವ ಮೊದಲು ಅರ್ಥಿಂಗ್ ಮಾಡಿಸಿ.