ಗ್ಯಾನೋಡರ್ಮ ನೋಟ್ಸ್: ದೊಡ್ಡಪ್ಪನ ತೋಟದ ಅಣಬೆ, ದೊಡ್ಡಪ್ಪನ ಕಾಫಿ

ಫಾರ್ಮಕಾಗ್ನಸಿ (ಗಿಡ, ಅಣಬೆಯಂಥವುಗಳಿಂದ ಬರೋ ಔಷಧಿಗಳ ಪಾಠ) ಇಂಟರ್ನಲ್ಸ್‌ ಪರೀಕ್ಷೆಗೆ ಓದ್ತಾ ಬರ್ಕೊಂಡಿದ್ದು ಇದು, ಯಾರಿಗಾದ್ರೂ ಉಪಯೋಗ ಆಗ್ಲಿ ಅಂತ ಹಾಕ್ತಿದೀನಿ. ಚೀನಾದವ್ರು ಲಿಂಗ್‌ಝಿ ಅಂತಾರೆ, ಜಪಾನಿನವ್ರು ರೇಶಿ ಅಂತಾರೆ, ಎರಡೂ ಇದೇ ಗ್ಯಾನೋಡರ್ಮ ಅನ್ನೋ ಕುಲದ ಅಣಬೆ.

ನಮ್ಮ ದೊಡ್ಡಪ್ಪಂದು ತಿಪಟೂರು ಹತ್ರ ತೆಂಗಿನ ತೋಟ. ಮರದ ಬುಡದಲ್ಲಿ ಕೆಂಪಗೆ, ವಾರ್ನಿಶ್ ಬಳಿದಂಗೆ ಹೊಳೆಯೋ ಗಟ್ಟಿ ಅಣಬೆ ಎದ್ರೆ ಮನೆಯವ್ರ ಮುಖ ಬಾಡೋದು, ಯಾಕಂದ್ರೆ ಅದು ಅಣಬೆ ರೋಗ, ಕಾಂಡದಿಂದ ಕಂದು ರಸ ಸೋರಿ ಮರ ನಿಧಾನಕ್ಕೆ ಹೋಗ್ಬಿಡತ್ತೆ, ಅದಕ್ಕೇ ಮರಕ್ಕೆ ವರ್ಷಕ್ಕೆ 5 ಕೆಜಿ ಬೇವಿನ ಹಿಂಡಿ, ಬೋರ್ಡೋ ದ್ರಾವಣ ಅಂತೆಲ್ಲಾ ಖರ್ಚು. ಅದೇ ದೊಡ್ಡಪ್ಪ ಈಗ ರಾಜಾಜಿನಗರದಲ್ಲಿ ಮಗನ ಮನೇಲಿದಾರೆ, ವಾಕಿಂಗ್ ಫ್ರೆಂಡ್ ಒಬ್ರು ಚೈನ್ ಸ್ಕೀಮಲ್ಲಿ ತಗಲಾಕಿದ ಗ್ಯಾನೋಡರ್ಮ ಕಾಫಿ ಕುಡೀತಾರೆ, ಜೊತೆಗೆ ಕ್ಯಾಪ್ಸೂಲ್ ಬೇರೆ. ತೋಟದಲ್ಲಿ ಕಿತ್ತು ಸುಡ್ತಿದ್ರಲ್ಲ ಅದರ ಕುಲದ್ದೇ ಇದು ಅಂದ್ರೆ, "ಸುಮ್ನಿರಮ್ಮ, ಇದು ಫಾರಿನ್ ಮಾಲು" ಅಂದ್ರು.

ಹೆಸರಿನ ವಿಷ್ಯ ಮೊದ್ಲು ಮುಗಿಸ್ಕೊಳ್ಳಿ. ಡಬ್ಬದ ಮೇಲೆ ಸಾಮಾನ್ಯವಾಗಿ ಗ್ಯಾನೋಡರ್ಮ ಲೂಸಿಡಮ್ ಅಂತ ಇರತ್ತೆ, ಆದ್ರೆ ಆ ಹೆಸರು ಮೂಲದಲ್ಲಿ ಇಂಗ್ಲೆಂಡಿನ ಅಣಬೆಗೆ ಇಟ್ಟಿದ್ದು, ಚೀನಾದ್ದು ಬೇರೆ ಜಾತಿ ಅಂತ 2012ರಲ್ಲಿ ಗ್ಯಾನೋಡರ್ಮ ಲಿಂಗ್‌ಝಿ ಅಂತ ಹೆಸರು ಕೊಟ್ರು. ಇದೆಲ್ಲಾ ಹೆಸರಿಡೋವ್ರ ತಲೆನೋವು ಅನ್ಬೇಡಿ, ಅಮೆರಿಕದಲ್ಲಿ ಮಾರೋ 19 ಸ್ಯಾಂಪಲ್ ತಗೊಂಡು ಟೆಸ್ಟ್ ಮಾಡಿ 2017ರಲ್ಲಿ ಪ್ರಕಟಿಸಿದ್ರಲ್ಲ, ಅದ್ರಲ್ಲಿ ಲೇಬಲ್‌ಗೆ ಸರಿಯಾಗಿ ಹೊಂದಿದ್ದು ಬರೀ 5.

ಒಳಗಿರೋ ಸರಕು ಮುಖ್ಯವಾಗಿ ಎರಡು ತರ. ಒಂದು ಬೀಟಾ ಗ್ಲೂಕಾನ್ ಅನ್ನೋ ಪಾಲಿಸ್ಯಾಕರೈಡು (ಸಕ್ಕರೆ ಅಣುಗಳ ಉದ್ದ ಸರಪಳಿ), ಬಿಸಿನೀರಲ್ಲಿ ಕುದಿಸಿದ್ರೆ ಇಳಿಯತ್ತೆ, ಇಮ್ಯೂನಿಟಿ ಅಂತ ಮಾರೋದು ಇದರ ಹೆಸರಲ್ಲೇ. ಇನ್ನೊಂದು ಗ್ಯಾನೋಡರಿಕ್ ಆಸಿಡ್‌ನಂಥ ಟ್ರೈಟರ್ಪೀನು ಅನ್ನೋ ರಾಸಾಯನಿಕಗಳು, ಕಹಿ ಬರೋದು ಇದ್ರಿಂದ, ಆಲ್ಕೋಹಾಲಲ್ಲಿ ಚೆನ್ನಾಗಿ ಕರಗತ್ತೆ. ಅಂದ್ರೆ ಕಷಾಯ, ಪುಡಿ, ಎಕ್ಸ್‌ಟ್ರಾಕ್ಟು ಮೂರೂ ಒಂದೇ ಔಷಧಿ ಅಲ್ಲ, ಇದನ್ನ ಅಂಡರ್‌ಲೈನ್ ಮಾಡ್ಕೊಳ್ಳಿ, ಮುಂದೆ ಲಿವರ್ ವಿಷ್ಯ ಬಂದಾಗ ಬೇಕಾಗತ್ತೆ.

ಕೆಲ್ಸ ಮಾಡತ್ತಾ? ಕ್ಯಾನ್ಸರ್‌ಗೆ ಇದೊಂದನ್ನೇ ಚಿಕಿತ್ಸೆ ಅಂತ ಕೊಡೋಕೆ ಪುರಾವೆ ಸಾಲಲ್ಲ ಅಂತ ಕಾಕ್ರೇನ್ ರಿವ್ಯೂ (ನಡೆದ ಟ್ರಯಲ್‌ಗಳನ್ನೆಲ್ಲಾ ಒಟ್ಟಿಗೆ ಹಾಕಿ ತೂಗಿ ನೋಡೋ ವರದಿ) ಹೇಳತ್ತೆ, ಕೀಮೋ ಜೊತೆ ಕೊಟ್ರೆ ಸ್ವಲ್ಪ ಸಹಾಯ ಆಗ್ಬೋದೇನೋ ಅಂತ ಬಾಗ್ಲು ಅರ್ಧ ತೆಗೆದಿಟ್ಟಿದಾರೆ, ಆದ್ರೆ ಆ ಟ್ರಯಲ್‌ಗಳ ಗುಣಮಟ್ಟ ಚೆನ್ನಾಗಿಲ್ಲ. ಶುಗರ್‌ಗೆ ಅಂತೂ ಆಸ್ಟ್ರೇಲಿಯಾದಲ್ಲಿ 84 ಜನಕ್ಕೆ 16 ವಾರ ಮಾಡಿದ ಟ್ರಯಲ್ ಇದೆ, ದಿನಕ್ಕೆ 3 ಗ್ರಾಂ ಕೊಟ್ರೂ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ರಕ್ತ ಪರೀಕ್ಷೆ) ಇಳೀಲಿಲ್ಲ. ಈಗ ದೊಡ್ಡಪ್ಪನ ಕಾಫಿ ಪ್ಯಾಕೆಟ್ ನೋಡಿ: ಎಕ್ಸ್‌ಟ್ರಾಕ್ಟು 200 ಮಿಲಿಗ್ರಾಂ, ಮಿಕ್ಕಿದ್ದು ಕಾಫಿಪುಡಿ, ಕ್ರೀಮರ್ರು, ಸಕ್ಕರೆ. ಫಲ ಕೊಡದ ಆ 3 ಗ್ರಾಂ ಮುಟ್ಟೋಕೇ ದಿನಕ್ಕೆ 15 ಲೋಟ ಕುಡೀಬೇಕು, ಅದೂ ಸಕ್ಕರೆ ಕಾಯ್ಲೆ ಇರೋವ್ರು!

ಸೇಫ್ಟಿ ಕಡೆ ಬಾಯಿ ಒಣಗೋದು, ಹೊಟ್ಟೆ ಕೆಡೋದು, ತುರಿಕೆ ಇವೆಲ್ಲಾ ಚಿಲ್ರೆ. ಲಿವರ್ ಕೇಸ್‌ಗಳು ಚಿಲ್ರೆ ಅಲ್ಲ. 2004ರಲ್ಲಿ ಹಾಂಗ್‌ಕಾಂಗಿಂದ ಬಂದ ವರದಿಯಲ್ಲಿ ಒಬ್ಬ ವಯಸ್ಸಾದ ಹೆಂಗಸು ಅಣಬೆನ ಕುದಿಸ್ಕೊಂಡು ಕುಡಿಯೋವರೆಗೂ ಆರಾಮಾಗಿದ್ರು, ಪುಡಿಗೆ ಬದಲಾಯಿಸಿದ್ಮೇಲೆ ಲಿವರ್ ಕೈಕೊಡ್ತು. 2007ರಲ್ಲಿ ಥಾಯ್ಲೆಂಡಿಂದ ವರದಿಯಾದ ಕೇಸಲ್ಲಿ ಪುಡಿ ತಗೊಂಡವ್ರು ತೀರಿಕೊಂಡೇಬಿಟ್ರು. ಇಂಥ ಒಂದೆರಡು ಕೇಸಿಂದ ಎಷ್ಟು ಜನಕ್ಕೆ ಹಿಂಗಾಗತ್ತೆ ಅಂತ ಲೆಕ್ಕ ಹಾಕೋಕಾಗಲ್ಲ, ಆದ್ರೂ ಕಣ್ಣು ಹಳದಿ ಆದ್ರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದ್ರೆ ತಕ್ಷಣ ನಿಲ್ಲಿಸಿ ಡಾಕ್ಟ್ರ ಹತ್ರ ಓಡ್ಬೇಕು.

ಎರಡನೇದು ರಕ್ತ. ರಕ್ತ ಹೆಪ್ಪುಗಟ್ಟಿಸೋ ಪ್ಲೇಟ್‌ಲೆಟ್ ಕಣಗಳು ಒಂದಕ್ಕೊಂದು ಅಂಟಿಕೊಳ್ಳೋದನ್ನ ಇದು ತಗ್ಗಿಸ್ಬೋದು, ಹಂಗಾಗಿ ವಾರ್ಫರಿನ್, ಆಸ್ಪಿರಿನ್, ಕ್ಲೊಪಿಡೊಗ್ರೆಲ್‌ನಂಥ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ಮಾತ್ರೆ ತಗೊಳ್ಳೋವ್ರಿಗೆ ರಕ್ತಸ್ರಾವದ ಭಯ. ಕಿಡ್ನಿ ಟ್ರಾನ್ಸ್‌ಪ್ಲಾಂಟ್ ಆಗಿ ಇಮ್ಯೂನಿಟಿ ತಗ್ಗಿಸೋ ಮಾತ್ರೆ ನುಂಗ್ತಿರೋವ್ರಿಗೆ ಇಮ್ಯೂನಿಟಿ ಏರಿಸ್ತೀನಿ ಅನ್ನೋದನ್ನ ಕೊಡೋದು ಸಹಾಯ ಅಲ್ಲ, ಜಗಳ. ಶುಗರ್, ಬಿಪಿ ಮಾತ್ರೆ ಜೊತೆ ಕೂಡ ಹುಷಾರಾಗಿರ್ಬೇಕು.

ದೊಡ್ಡಪ್ಪಂಗೆ ಸ್ಟೆಂಟ್ ಹಾಕಿದೆ, ಕ್ಲೊಪಿಡೊಗ್ರೆಲ್ ನಡೀತಿದೆ, ಮುಂದಿನ ತಿಂಗ್ಳು ಹಲ್ಲು ಕೀಳಿಸ್ಕೋಬೇಕು. "ಡಾಕ್ಟ್ರಿಗೆ ಇದರ ಬಗ್ಗೆ ಹೇಳಿದೀರಾ ದೊಡ್ಡಪ್ಪ?" ಅಂದ್ರೆ, "ಕಾಫಿ ಬಗ್ಗೆ ಡಾಕ್ಟ್ರಿಗೆ ಯಾಕೆ ಹೇಳ್ಬೇಕಮ್ಮ?" ಅಂದ್ರು. ಇಲ್ಲೇ ಸಮಸ್ಯೆ ಇರೋದು, ಯಾರೂ ಇದನ್ನ ಔಷಧಿ ಲೆಕ್ಕಕ್ಕೆ ಹಿಡಿಯಲ್ಲ, ಮಾರೋವ್ನು ಮಾತ್ರ ಔಷಧಿ ಅಂತ್ಲೇ ಮಾರ್ತಾನೆ. ಡಬ್ಬದ ಹಿಂದೆ ಇರುವೆ ಗಾತ್ರದ ಅಕ್ಷರದಲ್ಲಿ "ನಾಟ್ ಫಾರ್ ಮೆಡಿಸಿನಲ್ ಯೂಸ್", ವಾಟ್ಸಾಪಲ್ಲಿ ಬಂದ ಪಾಂಪ್ಲೆಟಲ್ಲಿ ಶುಗರು, ಕ್ಯಾನ್ಸರು ಎಲ್ಲಾ ಮಾಯ. ಇಂಥ ಜಾಹೀರಾತನ್ನ ತಡೆಯೋಕೆ 1954ರಿಂದಲೇ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ಇದೆ, ಪರೀಕ್ಷೆಗೂ ಬರತ್ತೆ. ಏನಾದ್ರೂ ಅಡ್ಡಪರಿಣಾಮ ಕಂಡ್ರೆ ವರದಿ ಮಾಡೋಕೆ 1800-180-3024, ಫಾರ್ಮಕೊವಿಜಿಲೆನ್ಸ್ ಹೆಲ್ಪ್‌ಲೈನು, ಟೋಲ್ ಫ್ರೀ.

ಆಪರೇಷನ್‌ಗೆ ಎರಡು ವಾರ ಮುಂಚೆ ಇಂಥವನ್ನ ನಿಲ್ಲಿಸೋದು ವಾಡಿಕೆ. ಆದ್ರೆ ಕ್ಲೊಪಿಡೊಗ್ರೆಲ್‌ನ ಮಾತ್ರ ತಾವಾಗೇ ನಿಲ್ಲಿಸ್ಬಾರ್ದು, ಅದು ಕಾರ್ಡಿಯಾಲಜಿಸ್ಟ್ ಹೇಳ್ಬೇಕು, ಇದನ್ನ ದೊಡ್ಡಪ್ಪಂಗೆ ಮೂರು ಸಲ ಹೇಳ್ದೆ. ಕೊನೆಗೆ ಡಬ್ಬ ನನ್ನ ಕೈಗೇ ಕೊಟ್ರು.

ಕಾಲೇಜಿಗೆ ತಗೊಂಡೋಗಿ ಒಂದು ಕ್ಯಾಪ್ಸೂಲ್ ಬಿಚ್ಚಿ, ವಾಚ್‌ಗ್ಲಾಸಲ್ಲಿ (ಪುಟ್ಟ ಗಾಜಿನ ತಟ್ಟೆ) ಪುಡಿ ಹಾಕಿ ಎರಡು ಹನಿ ಅಯೋಡಿನ್ ಬಿಟ್ವಿ. ಕಡುನೀಲಿಗೆ ತಿರುಗ್ತು, ಅಂದ್ರೆ ಸ್ಟಾರ್ಚ್ (ಪಿಷ್ಟ) ಇದೆ ಅಂತ. ಅಣಬೆಯಲ್ಲಿ ಸ್ಟಾರ್ಚ್ ಇರಲ್ಲ, ಅದು ಕೂಡಿಡೋದು ಗ್ಲೈಕೋಜನ್ನು, ಹಂಗಾದ್ರೆ ಈ ನೀಲಿ ಬಂದಿದ್ದು ಮೈಸೀಲಿಯಮ್ (ಅಣಬೆಯ ಬೇರಿನಂಥ ಎಳೆಗಳು) ಬೆಳೆಸಿದ ಧಾನ್ಯದಿಂದಲೋ ಅಥವಾ ತುಂಬಿಸೋಕೆ ಹಾಕಿದ ಹಿಟ್ಟಿಂದಲೋ, ಯಾವ್ದು ಅಂತ ಈ ಟೆಸ್ಟ್ ಹೇಳಲ್ಲ, ನಾಳೆ ಸ್ಲೈಡ್ ಮಾಡಿ ಮೈಕ್ರೋಸ್ಕೋಪ್ ಕೆಳಗೆ ಇಡ್ಬೇಕು.