ಸತ್ತವರ ಪರವಾಗಿ ನೀರಿಗಿಳಿಯುವವರು

ಓದುಗರ ಪ್ರಶ್ನೆ: ಮಾರ್ಮನ್ ಪಂಥದವರು ಸತ್ತುಹೋದವರಿಗೂ ದೀಕ್ಷಾಸ್ನಾನ ಮಾಡಿಸುತ್ತಾರಂತೆ. ಹಾಗಾದರೆ ನಮ್ಮ ಅಜ್ಜನ ಹೆಸರು ಅವರ ಕೈಗೆ ಸಿಕ್ಕರೆ ಅಜ್ಜನೂ ಮಾರ್ಮನ್ ಆಗಿಬಿಡುತ್ತಾರೆಯೇ?

ಆಗುವುದಿಲ್ಲ. ಅವರ ಧರ್ಮಶಾಸ್ತ್ರವೂ ಆಗುತ್ತಾರೆ ಎನ್ನುವುದಿಲ್ಲ. ಅಮೆರಿಕದಲ್ಲಿ ಹುಟ್ಟಿದ ಈ ಕ್ರೈಸ್ತ ಪಂಥದಲ್ಲಿ ಸತ್ತವರ ಹೆಸರಿನಲ್ಲಿ ದೀಕ್ಷಾಸ್ನಾನ, ಅಂದರೆ ನೀರಿನಲ್ಲಿ ಮುಳುಗಿಸಿ ದೀಕ್ಷೆ ಕೊಡುವ ವಿಧಿ, ನಡೆಯುವುದು ನಿಜ. ಬದುಕಿದ್ದಾಗ ಆ ಪಂಥದ ಹೆಸರನ್ನೇ ಕೇಳದವರ ಪರವಾಗಿ ನಡೆಯುವುದೂ ನಿಜ. ಆದರೆ ಅವರ ಲೆಕ್ಕದಲ್ಲಿ ಅದು ಮನೆ ಬಾಗಿಲಿಗೆ ಬಂದ ಲಗ್ನಪತ್ರಿಕೆ ಇದ್ದ ಹಾಗೆ. ಮದುವೆಗೆ ಹೋಗುವುದೂ ಬಿಡುವುದೂ ಪತ್ರಿಕೆ ಪಡೆದವರಿಗೆ ಸೇರಿದ್ದು. ಮೃತನ ಆತ್ಮ ಒಪ್ಪಿದರೆ ದೀಕ್ಷೆ ಸಲ್ಲುತ್ತದೆ, ಒಪ್ಪದಿದ್ದರೆ ಇಲ್ಲಿ ಯಾರೋ ನೀರಿನಲ್ಲಿ ಮುಳುಗಿ ಎದ್ದದ್ದಷ್ಟೇ ಉಳಿಯುತ್ತದೆ. ಅವರ ಸದಸ್ಯರ ಪಟ್ಟಿಯಲ್ಲಿ ಅಜ್ಜನ ಹೆಸರು ಸೇರುವುದಿಲ್ಲ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಸತ್ತವರ ಬೆನ್ನು ಹತ್ತಿ ಹೋಗುವ ಈ ಹಟ ಅವರಿಗೇಕೆ ಎಂಬುದು ತಿಳಿಯದಿದ್ದರೆ ಉತ್ತರ ಅರ್ಧವೇ ಆಗುತ್ತದೆ. ಅದನ್ನು ತಿಳಿಯಲು 1823ರ ನವೆಂಬರಿಗೆ, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಪಾಲ್ಮೈರಾ ಬಳಿಯ ಒಂದು ರೈತರ ಮನೆಗೆ ಹೋಗಬೇಕು.

ಆಲ್ವಿನ್ ಸ್ಮಿತ್ ಆ ಮನೆಯ ಹಿರಿಯ ಮಗ. ವಯಸ್ಸು ಇಪ್ಪತ್ತೈದು. ಅಪ್ಪ ಅಮ್ಮನ ಮುಪ್ಪಿಗೆ ಆಸರೆಯಾಗಲಿ ಎಂದು ಹೊಸ ಮನೆ ಕಟ್ಟಲು ತೊಡಗಿದ್ದ. ಒಂದು ದಿನ ಹೊಟ್ಟೆನೋವು ಶುರುವಾಯಿತು. ಬಂದ ವೈದ್ಯ ಕ್ಯಾಲೊಮೆಲ್ ನುಂಗಿಸಿದ. ಪಾದರಸದ ಆ ಲವಣ ಅಂದಿನ ವೈದ್ಯರಿಗೆ ಎಲ್ಲ ರೋಗಕ್ಕೂ ಮದ್ದು. ಅದು ಹೊಟ್ಟೆಯಲ್ಲೇ ಕಟ್ಟಿ ಕೂತಿತು, ಕೆಲವೇ ದಿನಗಳಲ್ಲಿ ಹುಡುಗ ತೀರಿಕೊಂಡ. ಶವಸಂಸ್ಕಾರಕ್ಕೆ ಬಂದ ಪ್ರೆಸ್ಬಿಟೇರಿಯನ್ ಪಾದ್ರಿ, ಯಾವ ಸಭೆಗೂ (ಚರ್ಚಿಗೂ) ಸೇರದೆ ಸತ್ತ ಇವನು ನರಕಕ್ಕೇ ಹೋಗಿದ್ದಾನೆ ಎಂಬ ಅರ್ಥ ಬರುವ ಹಾಗೆ ಮಾತನಾಡಿದ ಎಂದು ತಮ್ಮ ವಿಲಿಯಂ ಮುಪ್ಪಿನಲ್ಲಿಯೂ ನೆನೆಯುತ್ತಿದ್ದ. ಎದೆಯ ಮೇಲೆ ಬಿದ್ದ ಆ ಮಾತಿನ ಬರೆ ಎಪ್ಪತ್ತು ವರ್ಷವಾದರೂ ಆರಿರಲಿಲ್ಲ.

ಮರುವರ್ಷ ಇನ್ನೊಂದು ಸಂಕಟ ಬಂತು. ಆಲ್ವಿನ್‌ನ ಹೆಣವನ್ನು ಯಾರೋ ಹೊರತೆಗೆದು ಕೊಯ್ದಿದ್ದಾರೆ ಎಂಬ ವದಂತಿ ಊರಲ್ಲೆಲ್ಲ ಹಬ್ಬಿತು. ಅಪ್ಪ ನೆರೆಹೊರೆಯವರನ್ನು ಕರೆದುಕೊಂಡು ಹೋಗಿ, ಸಮಾಧಿಯ ಮಣ್ಣು ತೆಗೆಸಿ, ಮಗನ ದೇಹ ಇಟ್ಟ ಹಾಗೆಯೇ ಇದೆ ಎಂದು ಕಣ್ಣಾರೆ ಕಂಡು, ವದಂತಿ ನಿಲ್ಲಿಸಿರೆಂದು ಊರಿನ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟ. ಹತ್ತು ತಿಂಗಳ ಹಿಂದೆ ಹೂತ ಮಗನ ಮುಖವನ್ನು ಅಪ್ಪ ಮತ್ತೆ ನೋಡಬೇಕಾಯಿತು.

ಅಣ್ಣ ಸತ್ತಾಗ ತಮ್ಮ ಜೋಸೆಫ್‌ಗೆ ಹದಿನೇಳು ವರ್ಷ. ಮಾರ್ಮನ್ ಪಂಥದ ಸ್ಥಾಪಕ ಜೋಸೆಫ್ ಸ್ಮಿತ್ ಈತನೇ. 1830ರಲ್ಲಿ ಸಭೆ ಸ್ಥಾಪಿಸಿ, 1844ರಲ್ಲಿ ಇಲಿನಾಯ್ ರಾಜ್ಯದ ಕಾರ್ಥೇಜ್ ಸೆರೆಮನೆಗೆ ನುಗ್ಗಿದ ಗುಂಪಿನ ಗುಂಡಿಗೆ ಬಲಿಯಾದ. ನಡುವಿನ ಹದಿನಾಲ್ಕು ವರ್ಷಗಳಲ್ಲಿ ಪರಲೋಕದ ನಕ್ಷೆಯನ್ನೇ ಹೊಸದಾಗಿ ಬರೆದ. ವಿದ್ವಾಂಸರು ಅದಕ್ಕೆ ನೂರು ಮೂಲಗಳನ್ನು ಹುಡುಕಲಿ, ನನಗೆ ಮಾತ್ರ ಆ ನಕ್ಷೆಯ ಗೆರೆಗೆರೆಯಲ್ಲೂ ಆ ಶವಸಂಸ್ಕಾರದ ಉಪದೇಶಕ್ಕೆ ಕೊಟ್ಟ ಉತ್ತರವೇ ಕಾಣುತ್ತದೆ.

ಅಂದಿನ ಪ್ರೊಟೆಸ್ಟೆಂಟ್ ಉಪದೇಶಗಳಲ್ಲಿ ಸತ್ತವನಿಗೆ ಎರಡೇ ದಾರಿ. ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ. 1832ರ ಫೆಬ್ರವರಿಯಲ್ಲಿ ಒಹಾಯೊ ರಾಜ್ಯದ ಹೈರಮ್ ಎಂಬಲ್ಲಿ ಜೋಸೆಫ್ ಮತ್ತು ಅವನ ಸಂಗಾತಿ ಸಿಡ್ನಿ ರಿಗ್ಡನ್ ತಮಗೆ ಒಂದು ದರ್ಶನವಾಯಿತೆಂದರು. ಅದರ ಪ್ರಕಾರ ಸ್ವರ್ಗ ಒಂದಲ್ಲ, ಮೂರು. ಸೂರ್ಯನ ಮಹಿಮೆ ಬೇರೆ, ಚಂದ್ರನದು ಬೇರೆ, ನಕ್ಷತ್ರಗಳದು ಬೇರೆ ಎಂದು ಬೈಬಲ್ಲಿನಲ್ಲಿ, ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ, ಒಂದು ಮಾತಿದೆ. ಆ ಮಾತೇ ಇಲ್ಲಿ ಮೂರು ಲೋಕಗಳಾಗಿ ಹರಡಿಕೊಂಡಿತು. ಸೂರ್ಯನಂತೆ ಬೆಳಗುವುದು ಸೆಲೆಸ್ಟಿಯಲ್ ಲೋಕ. ಅದು ದೀಕ್ಷೆ ಪಡೆದು ಕೊನೆತನಕ ನಿಷ್ಠರಾಗಿದ್ದವರದು. ಚಂದ್ರನಂತಿರುವುದು ಟೆರೆಸ್ಟ್ರಿಯಲ್. ಒಳ್ಳೆಯವರೇ ಆಗಿದ್ದೂ ಸತ್ಯವನ್ನು ಗುರುತಿಸದೆ ಹೋದ ಗೌರವಸ್ಥರು, ನಂಬಿಯೂ ಸಡಿಲವಾಗಿ ಬದುಕಿದವರು ಅಲ್ಲಿ ಇರುತ್ತಾರೆ. ನಕ್ಷತ್ರದ ಲೋಕಕ್ಕೆ ಟೆಲೆಸ್ಟಿಯಲ್ ಎಂದು ಹೆಸರು. ಆ ಪದ ಅದಕ್ಕೂ ಮೊದಲು ಯಾವ ನಿಘಂಟಿನಲ್ಲೂ ಇರಲಿಲ್ಲ, ದರ್ಶನವೇ ಹುಟ್ಟಿಸಿದ್ದು. ಸುಳ್ಳರು, ವ್ಯಭಿಚಾರಿಗಳು, ಮಾಟಗಾರರು ಕೊನೆಗೆ ಸೇರುವ ಜಾಗ ಅದು.

ಕೊನೆಗೆ ಎಂಬ ಮಾತನ್ನು ಗಮನಿಸಬೇಕು. ಇವರಿಗೂ ನರಕ ಉಂಟು, ಆದರೆ ಅದು ಜೀವಾವಧಿ ಶಿಕ್ಷೆಯಲ್ಲ. ಮಾಡಿದ್ದನ್ನು ಅನುಭವಿಸಿ ಮುಗಿಸಿದ ಮೇಲೆ ಪಾಪಿಯೂ ಪುನರುತ್ಥಾನ ಹೊಂದಿ ನಕ್ಷತ್ರಲೋಕಕ್ಕೆ ಹೋಗುತ್ತಾನೆ. ಆ ಕೆಳಗಿನ ಲೋಕದ ವೈಭವವೇ ಮನುಷ್ಯನ ಊಹೆಗೆ ನಿಲುಕದು ಎನ್ನುತ್ತದೆ ಅವರ ಗ್ರಂಥ. ಶಾಶ್ವತ ಕತ್ತಲೆ ಇರುವುದು ಸತ್ಯವನ್ನು ಸಂಪೂರ್ಣವಾಗಿ ತಿಳಿದೂ ದೇವರಿಗೆ ತಿರುಗಿಬಿದ್ದ ಬೆರಳೆಣಿಕೆಯ ಕೆಲವರಿಗೆ ಮಾತ್ರ. ಇದನ್ನು ಕೇಳಿ ಅಂದಿನ ಭಕ್ತರೇ ತಬ್ಬಿಬ್ಬಾದರು. ಮುಂದೆ ಪಂಥದ ಎರಡನೇ ಅಧ್ಯಕ್ಷನಾದ ಬ್ರಿಗಮ್ ಯಂಗ್ ಕೂಡ, ತಾನು ಬೆಳೆದು ಬಂದ ನಂಬಿಕೆಗೆ ಇದು ಪೂರ್ತಿ ವಿರುದ್ಧವಾಗಿತ್ತು, ಸ್ವಲ್ಪ ತಾಳು ಎಂದು ತನಗೆ ತಾನೇ ಹೇಳಿಕೊಂಡೆ ಎಂದು ಒಪ್ಪಿಕೊಂಡಿದ್ದಾನೆ. ನರಕ ಇಷ್ಟು ಖಾಲಿಯಾದರೆ ಉಪದೇಶಕರ ಬಾಯಲ್ಲಿ ಉಳಿಯುವುದಾದರೂ ಏನು!

ನಾಲ್ಕು ವರ್ಷಗಳ ಮೇಲೆ, 1836ರ ಜನವರಿಯಲ್ಲಿ, ಕರ್ಟ್‌ಲ್ಯಾಂಡಿನ ದೇವಾಲಯದಲ್ಲಿ ಇನ್ನೊಂದು ದರ್ಶನ. ಸೆಲೆಸ್ಟಿಯಲ್ ಲೋಕದಲ್ಲಿ ಆದಾಮ, ಅಬ್ರಹಾಮ, ತನ್ನ ಅಪ್ಪ ಅಮ್ಮ, ಅವರ ಜೊತೆಗೆ ಅಣ್ಣ ಆಲ್ವಿನ್ ಕಂಡರೆಂದು ಜೋಸೆಫ್ ಹೇಳಿದ. ಅಪ್ಪ ಅಮ್ಮ ಆಗಿನ್ನೂ ಬದುಕಿದ್ದರು, ಅಪ್ಪನಂತೂ ಅದೇ ಕೋಣೆಯಲ್ಲಿದ್ದ. ಜೋಸೆಫ್‌ಗೆ ಅಚ್ಚರಿ ಆದದ್ದು ಅದಕ್ಕಲ್ಲ, ದೀಕ್ಷಾಸ್ನಾನವೇ ಆಗದ ಅಣ್ಣ ಅಲ್ಲಿಗೆ ಹೇಗೆ ಬಂದ ಎಂಬುದಕ್ಕೆ. ಕೇಳುವ ಅವಕಾಶವಿಲ್ಲದೆ ಸತ್ತವರು, ಕೇಳಿದ್ದರೆ ಒಪ್ಪುತ್ತಿದ್ದವರು, ಆ ಲೋಕಕ್ಕೆ ಹಕ್ಕುದಾರರು ಎಂದು ಧ್ವನಿಯೊಂದು ಉತ್ತರಿಸಿತಂತೆ. ಹನ್ನೆರಡು ವರ್ಷ ಕಾದ ಮೇಲೆ ಬಂದ ಉತ್ತರ.

ಆದರೆ ದೀಕ್ಷೆಯಿಲ್ಲದೆ ಪ್ರವೇಶವಿಲ್ಲ ಎಂಬ ನಿಯಮ ಹಾಗೆಯೇ ಇತ್ತಲ್ಲ? ಸತ್ತವರಿಗೆ ಮೈಯಿಲ್ಲ, ಮುಳುಗುವುದು ಹೇಗೆ? ಕೊರಿಂಥದ ಅದೇ ಪತ್ರದಲ್ಲಿ ಸತ್ತವರಿಗೋಸ್ಕರ ದೀಕ್ಷಾಸ್ನಾನ ಮಾಡಿಸಿಕೊಳ್ಳುವವರ ಪ್ರಸ್ತಾಪ ಒಂದೇ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಉಳಿದ ಕ್ರೈಸ್ತರು ಆ ಸಾಲಿಗೆ ಬಗೆಬಗೆಯ ಅರ್ಥ ಹೇಳಿ ಮುಂದೆ ಹೋಗುತ್ತಾರೆ. ಜೋಸೆಫ್ ಅಲ್ಲಿಯೇ ನಿಂತ. 1840ರ ಆಗಸ್ಟಿನಲ್ಲಿ, ಇಲಿನಾಯ್ ರಾಜ್ಯದ ನಾವೂ (Nauvoo) ಎಂಬ ಪಟ್ಟಣದಲ್ಲಿ, ಮತ್ತೊಂದು ಶವಸಂಸ್ಕಾರದಲ್ಲಿಯೇ, ಬದುಕಿರುವವರು ಸತ್ತ ಬಂಧುಗಳ ಪರವಾಗಿ ದೀಕ್ಷೆ ಪಡೆಯಬಹುದು ಎಂದು ಸಾರಿದ. ಮಗನನ್ನು ಕಳೆದುಕೊಂಡ ಜೇನ್ ನೇಮನ್ ಎಂಬ ತಾಯಿ ಮುಂದಿನ ತಿಂಗಳೇ ಮಿಸಿಸಿಪ್ಪಿ ನದಿಗೆ ಇಳಿದು ಮಗ ಸೈರಸ್‌ನ ಹೆಸರಿನಲ್ಲಿ ಮುಳುಗಿ ಎದ್ದಳು. ಸಾಕ್ಷಿಯಾಗಲು ಬಂದ ಇನ್ನೊಬ್ಬ ಹೆಂಗಸು, ಮಂತ್ರ ಸರಿಯಾಗಿ ಕೇಳಬೇಕೆಂದು ಕುದುರೆಯನ್ನೇ ನೀರಿಗೆ ಇಳಿಸಿದ್ದಳು. ಆಗಿನ್ನೂ ವಿಧಿ ವಿಧಾನ ಗಟ್ಟಿಯಾಗಿರಲಿಲ್ಲ. ಹೆಂಗಸು ಗಂಡಸಿನ ಪರವಾಗಿ, ಗಂಡಸು ಹೆಂಗಸಿನ ಪರವಾಗಿ ಮುಳುಗುತ್ತಿದ್ದರು. ಅದು ಸಲ್ಲದು ಎಂಬ ಕಟ್ಟಳೆ ಆಮೇಲೆ ಬಂತು. ಆಲ್ವಿನ್‌ನ ಪರವಾಗಿ ನೀರಿಗಿಳಿದವನು ಅವನ ಇನ್ನೊಬ್ಬ ತಮ್ಮ ಹೈರಮ್.

ಈಗ ಇದು ನಡೆಯುವುದು ದೇವಾಲಯದ ಒಳಗೆ ಮಾತ್ರ. ಸಮಾಧಿಯ ಸಂಕೇತವಾಗಿ ನೆಲಮಟ್ಟಕ್ಕಿಂತ ಕೆಳಗೆ ಒಂದು ದೊಡ್ಡ ಕೊಳ. ಅದನ್ನು ಬೆನ್ನ ಮೇಲೆ ಹೊತ್ತು ಹೊರಮುಖವಾಗಿ ನಿಂತಿರುವ ಹನ್ನೆರಡು ಎತ್ತುಗಳ ಪ್ರತಿಮೆ. ಸೊಲೊಮೋನನ ದೇವಾಲಯದ ಕಂಚಿನ ಕೊಳದ ಮಾದರಿ ಅದು, ಇಸ್ರಾಯೇಲಿನ ಹನ್ನೆರಡು ಕುಲಗಳ ಗುರುತು. ಬಿಳಿ ಬಟ್ಟೆ ತೊಟ್ಟ ಹದಿಹರೆಯದ ಹುಡುಗನೋ ಹುಡುಗಿಯೋ ಮೆಟ್ಟಿಲಿಳಿದು ಬರುತ್ತಾರೆ. ದೀಕ್ಷೆ ಕೊಡುವವನು ಬಲಗೈ ಎತ್ತಿ, ತೀರಿಕೊಂಡ ಇಂಥವರ ಪರವಾಗಿ ಎಂದು ಹೆಸರು ಹೇಳಿ ಮುಳುಗಿಸುತ್ತಾನೆ. ಮೈಯೆಲ್ಲ ನೀರಿನೊಳಗೆ ಹೋಗದಿದ್ದರೆ ಮತ್ತೆ ಮಾಡಬೇಕು, ಅದಕ್ಕೆ ಇಬ್ಬರು ಸಾಕ್ಷಿಗಳು. ಒಬ್ಬ ಎದ್ದು ಮುಖ ಒರೆಸಿಕೊಳ್ಳುವಷ್ಟರಲ್ಲಿ ಇನ್ನೊಂದು ಹೆಸರು. ಹೀಗೆ ಒಂದೇ ಸಲಕ್ಕೆ ಹತ್ತಾರು ಮಂದಿಯ ಪರವಾಗಿ ಮುಳುಗುವುದುಂಟು. ತರ್ಪಣ ಕೊಡುವಾಗ ಹೆಸರು, ಗೋತ್ರ ಹೇಳಿ ನೀರು ಬಿಟ್ಟವರಿಗೆ ಈ ದೃಶ್ಯ ತೀರ ಅಪರಿಚಿತ ಅನ್ನಿಸಲಿಕ್ಕಿಲ್ಲ. ಆದರೆ ತರ್ಪಣ ಪಿತೃಗಳ ತೃಪ್ತಿಗೆ, ವರ್ಷ ವರ್ಷವೂ ಸಲ್ಲಬೇಕು. ಇದು ಒಂದೇ ಸಲದ ಕೆಲಸ, ಉದ್ದೇಶ ಪ್ರವೇಶ.

ಅಲ್ಲಿಯ ತನಕ ಸತ್ತವರು ಎಲ್ಲಿರುತ್ತಾರೆ? ಪುನರುತ್ಥಾನಕ್ಕೆ ಮುಂಚೆ ಎಲ್ಲರೂ ಕಾಯುವ ಆತ್ಮಲೋಕವೊಂದಿದೆ. ಅದು ಎಲ್ಲೋ ದೂರದಲ್ಲಿಲ್ಲ, ಇದೇ ಭೂಮಿಯ ಮೇಲೆ, ನಮ್ಮ ಕಣ್ಣಿಗೆ ಕಾಣದೆ ಇದೆ ಎಂದು ಬ್ರಿಗಮ್ ಯಂಗ್ ಕಲಿಸಿದ. ನೀತಿವಂತರಿಗೆ ಅದು ವಿಶ್ರಾಂತಿಯ ತಾಣ, ಉಳಿದವರಿಗೆ ಸೆರೆ. ಸೆರೆಯಲ್ಲಿರುವವರಿಗೆ ಉಪದೇಶ ಮಾಡಲು ಸತ್ತ ನೀತಿವಂತರೇ ಹೋಗುತ್ತಾರೆ. ಈ ವಿವರ ಸ್ಪಷ್ಟವಾದದ್ದು 1918ರ ಅಕ್ಟೋಬರಿನಲ್ಲಿ. ಅತ್ತ ಮಹಾಯುದ್ಧ, ಇತ್ತ ಇನ್‌ಫ್ಲುಯೆಂಜಾ. ಅಂದಿನ ಅಧ್ಯಕ್ಷ ಜೋಸೆಫ್ ಎಫ್. ಸ್ಮಿತ್, ನದಿಗಿಳಿದ ಹೈರಮ್‌ನ ಮಗ, ಅದೇ ವರ್ಷದ ಜನವರಿಯಲ್ಲಿ ಬೆಳೆದ ಮಗನನ್ನು ಮಣ್ಣು ಮಾಡಿದ್ದ. ಅವನು ಕಂಡ ದರ್ಶನವಿದು. ಆರು ವಾರಗಳ ಮೇಲೆ ತಾನೂ ತೀರಿಕೊಂಡ, ಆಲ್ವಿನ್ ಸತ್ತ ತಾರೀಖಿನಂದೇ, ನವೆಂಬರ್ 19ರಂದು.

ಎಂಟು ವರ್ಷ ತುಂಬುವ ಮೊದಲೇ ಸತ್ತ ಮಕ್ಕಳಿಗೆ ಈ ಯಾವ ದೀಕ್ಷೆಯೂ ಬೇಡ, ಅವರು ನೇರ ಸೆಲೆಸ್ಟಿಯಲ್ ಲೋಕಕ್ಕೆ. ಹುಟ್ಟಿದ ಕೂಡಲೇ ಸತ್ತ ಕಂದಮ್ಮಗಳನ್ನು ಕಂಡಿದ್ದ ಸ್ಮಿತ್ ಮನೆತನದಿಂದ ಬೇರೆ ನಿಯಮ ಬರಲು ಸಾಧ್ಯವಿರಲಿಲ್ಲ.

ಎಲ್ಲಕ್ಕಿಂತ ಮೇಲಿನ ಮಹಿಮೆ ಒಂಟಿಯಾಗಿ ಸಿಗುವುದಲ್ಲ. ಉಳಿದ ಕ್ರೈಸ್ತರ ಮದುವೆಯ ಪ್ರತಿಜ್ಞೆ ಸಾವು ಅಗಲಿಸುವ ತನಕ. ಮಾರ್ಮನ್ ದೇವಾಲಯದ ಮದುವೆ ಕಾಲಕ್ಕೂ ಅನಂತಕ್ಕೂ. ಗಂಡ, ಹೆಂಡತಿ, ಮಕ್ಕಳು, ಅವರ ಹಿಂದಿನ ಪೀಳಿಗೆಗಳು ಕೊಂಡಿಗೆ ಕೊಂಡಿ ಬೆಸೆದುಕೊಂಡು ಒಂದೇ ಸರಪಳಿಯಾಗಬೇಕು. ಹಾಗೆ ಬೆಸೆದವರು ಮುಂದೆ ದೇವರಂತೆಯೇ ಆಗಬಲ್ಲರು ಎಂಬ ನಂಬಿಕೆಯೂ ಇದೆ, ಉಳಿದ ಕ್ರೈಸ್ತ ಸಭೆಗಳಿಗೆ ನುಂಗಲಾಗದ ತುತ್ತು ಅದು. ಸತ್ತ ಮೇಲೆ ಒಬ್ಬೊಬ್ಬರಿಗೂ ಒಂದೊಂದು ಗ್ರಹ ಸಿಗುತ್ತದಂತೆ ಎಂಬ ಕುಹಕ ಇಲ್ಲಿಂದಲೇ ಹುಟ್ಟಿದ್ದು. ಅದು ತಮ್ಮ ನಂಬಿಕೆಯ ವ್ಯಂಗ್ಯಚಿತ್ರ ಎಂದು ಸಭೆ 2014ರಲ್ಲಿ ಲಿಖಿತವಾಗಿಯೇ ಹೇಳಿದೆ.

ಸರಪಳಿ ಬೆಸೆಯಲು ಹೆಸರುಗಳು ಬೇಕು. ಹೆಳವರು ಬಂದು ಏಳು ತಲೆಮಾರಿನ ಹೆಸರು ಓದುವುದನ್ನು ಕೇಳಿದವರಿಗೆ ಆ ಹಸಿವು ಅರ್ಥವಾದೀತು. ಮಾರ್ಮನ್ನರು 1894ರಲ್ಲೇ ಯೂಟಾದಲ್ಲಿ ವಂಶಾವಳಿ ಸಂಘ ಕಟ್ಟಿದರು. ಸಾಲ್ಟ್ ಲೇಕ್ ಸಿಟಿ ಬಳಿಯ ಕಣಿವೆಯಲ್ಲಿ ಗ್ರಾನೈಟ್ ಬೆಟ್ಟ ಕೊರೆದು ಉಗ್ರಾಣ ಮಾಡಿ, ಜಗತ್ತಿನೆಲ್ಲೆಡೆಯ ಜನನ ಮರಣ ದಾಖಲೆಗಳ ಸುಮಾರು 24 ಲಕ್ಷ ಮೈಕ್ರೋಫಿಲ್ಮ್ ಸುರುಳಿಗಳನ್ನು ತುಂಬಿದರು. ಹರಿದ್ವಾರದ ಪಂಡರ ಬಹಿಗಳನ್ನೂ, ಅಂದರೆ ವಂಶಾವಳಿಯ ಪುಸ್ತಕಗಳನ್ನೂ, ಚಿತ್ರೀಕರಿಸಿಕೊಂಡು ಹೋಗಿದ್ದಾರೆ. ಫ್ಯಾಮಿಲಿಸರ್ಚ್ ತಾಣದಲ್ಲಿ ಯಾರು ಬೇಕಾದರೂ ಬಿಟ್ಟಿಯಾಗಿ ಹುಡುಕಬಹುದು. ಈ ಉಪಕಾರಕ್ಕೆ ಇತಿಹಾಸಕಾರರು ಕೈಮುಗಿಯುತ್ತಾರೆ.

ಜಗಳ ಶುರುವಾದದ್ದೂ ಇಲ್ಲಿಂದಲೇ. ಹಿಟ್ಲರನ ಶಿಬಿರಗಳಲ್ಲಿ ಸತ್ತ ಲಕ್ಷಗಟ್ಟಲೆ ಯೆಹೂದ್ಯರ ಹೆಸರಿನಲ್ಲಿ ದೀಕ್ಷಾಸ್ನಾನ ನಡೆದಿರುವುದು ಬಯಲಾಯಿತು. ಯೆಹೂದ್ಯರಾಗಿದ್ದುದಕ್ಕೇ ಕೊಲ್ಲಲ್ಪಟ್ಟವರು ಅವರು. ಅಂಥವರ ಹೆಸರನ್ನು ಇನ್ನು ಬಳಸುವುದಿಲ್ಲವೆಂದು 1995ರಲ್ಲಿ ಯೆಹೂದ್ಯ ಸಂಘಟನೆಗಳೊಂದಿಗೆ ಒಪ್ಪಂದವಾಯಿತು, ಆದರೂ ಆನ್ ಫ್ರಾಂಕ್‌ಳ ಹೆಸರು 2012ರಲ್ಲಿ ಮತ್ತೆ ಕಾಣಿಸಿಕೊಂಡಿತು. ಅದೇ ವರ್ಷ ಮಹಾತ್ಮ ಗಾಂಧಿಯ ಹೆಸರಿನಲ್ಲಿಯೂ 1990ರ ದಶಕದಲ್ಲಿ ದೀಕ್ಷಾಸ್ನಾನವಾಗಿತ್ತೆಂಬ ವರದಿ ಬಂತು. 2008ರಲ್ಲಿ ವ್ಯಾಟಿಕನ್ ತನ್ನ ಧರ್ಮಕೇಂದ್ರಗಳ ದಾಖಲೆಗಳನ್ನು ಇವರಿಗೆ ಕೊಡಬಾರದೆಂದು ಅಪ್ಪಣೆ ಮಾಡಿತು. ಲಗ್ನಪತ್ರಿಕೆಯ ಹೋಲಿಕೆ ಕೊಟ್ಟೆನಲ್ಲ, ಅದು ಅರ್ಧ ಮಾತ್ರ ನಿಜ. ಪತ್ರಿಕೆಯ ಮೇಲೆ ನಿಮ್ಮ ಮನೆಯ ಹೆಸರನ್ನು ನಿಮ್ಮನ್ನು ಕೇಳದೆ ಅಚ್ಚು ಹಾಕಿಸಿದರೆ ಸಿಟ್ಟು ಬರುವುದು ಸಹಜ. ಪ್ರೀತಿಯಿಂದ ಮಾಡಿದೆವು ಎಂದರೆ ಆ ಸಿಟ್ಟು ಇಳಿಯುವುದಿಲ್ಲ.

ಈಗಿನ ನಿಯಮ ಹೀಗಿದೆ: ತಮ್ಮ ಸ್ವಂತ ಪೂರ್ವಜರ, ಬಂಧುಗಳ ಹೆಸರನ್ನು ಮಾತ್ರ ಕೊಡಬೇಕು. ಮೃತರು ಹುಟ್ಟಿ 110 ವರ್ಷ ಆಗಿರದಿದ್ದರೆ ಹತ್ತಿರದ ಬಂಧುವಿನ ಒಪ್ಪಿಗೆ ಬೇಕು. ಹಾಗಾಗಿ ನಿಮ್ಮ ಮನೆತನದಲ್ಲಿ ಯಾರೂ ಆ ಸಭೆಗೆ ಸೇರಿಲ್ಲವಾದರೆ ನಿಯಮದ ಪ್ರಕಾರ ಅಜ್ಜನ ಹೆಸರು ಅಲ್ಲಿಗೆ ಹೋಗುವಂತಿಲ್ಲ. ದೂರದ ಸೋದರಸಂಬಂಧಿ ಯಾರಾದರೂ ಸೇರಿದ್ದರೆ ಹೋಗಬಹುದು. ಭಾರತದ ಮೊದಲ ಮಾರ್ಮನ್ ದೇವಾಲಯವನ್ನು 2018ರಲ್ಲಿ ಘೋಷಿಸಿದ್ದು ನಮ್ಮ ಬೆಂಗಳೂರಿಗೇ. ವೈಟ್‌ಫೀಲ್ಡ್ ರಸ್ತೆಯ ಆ ಜಾಗದಲ್ಲಿ 2020ರ ಡಿಸೆಂಬರಿನಲ್ಲಿ ಗುದ್ದಲಿ ಪೂಜೆ ನಡೆಯಿತು. ಪೂಜೆ ಎಂಬ ಮಾತು ನನ್ನದು, ಅವರದಲ್ಲ.

ದೀಕ್ಷಾಸ್ನಾನ ಮುಗಿದ ಮೇಲೆ ದಾಖಲೆಯಲ್ಲಿ ಮೃತರ ಹೆಸರು, ತಾರೀಖು, ದೇವಾಲಯ ಇವಿಷ್ಟನ್ನು ಬರೆಯುತ್ತಾರೆ. ಅಜ್ಜ ಒಪ್ಪಿದರೋ ಇಲ್ಲವೋ ಎಂಬುದನ್ನು ಬರೆಯುವುದಿಲ್ಲ. ಅದು ತಮಗೆ ಗೊತ್ತಿದೆ ಎಂದು ಅವರೂ ಹೇಳುವುದಿಲ್ಲ.